ಕೇಕ್ ಪಟ್ಟಿಯ ಖಾಲಿ ಕಾಲಂ

ಅಕ್ಟೋಬರ್ 11, ಬುಧವಾರ. ಮಧ್ಯಾಹ್ನ 12.30

ಇತಿಹಾಸಕಾರರು ಗಮನಿಸತಕ್ಕದ್ದು: ಇಂದು ಬೆಳಿಗ್ಗೆ ಎಂಟು ಗಂಟೆ ಹನ್ನೆರಡು ನಿಮಿಷಕ್ಕೆ, ನಮ್ಮ ಪ್ರಯೋಗಾಲಯದ ಪೂರ್ವ ದಿಕ್ಕಿನ ಕಿಟಕಿಪರದೆ ಇಹಲೋಕ ತ್ಯಜಿಸಿತು. ವಯಸ್ಸು ಇಪ್ಪತ್ತಾರು. ಹಗ್ಗ ಎಳೆದೆ, ಹಗ್ಗವಷ್ಟೇ ಕೈಗೆ ಬಂತು. ಮೃತರು ನಲವತ್ತು ಅಲ್ಯೂಮಿನಿಯಂ ಪಟ್ಟಿಗಳನ್ನೂ ಅಪಾರ ಧೂಳನ್ನೂ ಅಗಲಿದ್ದಾರೆ.

ಕಟ್ಟಡದ ಉಸ್ತುವಾರಿ ಹೆರ್ ಕ್ನಾಪ್‌ಗೆ ಫೋನ್ ಮಾಡಿದೆ.

"ಅರ್ಜಿ ಬರೆದು ಹಾಕಿ, ಫ್ರೌ ಟ್ರೆಂಕ್ಲೆ."

"ಸೂರ್ಯ ನೇರ ಕಣ್ಣಿಗೇ ಹೊಡೀತಿದಾನೆ, ಹೆರ್ ಕ್ನಾಪ್."

"ಅವನ ಮೇಲೂ ಒಂದು ಅರ್ಜಿ ಹಾಕಿ."

ಇಂದು ಚಿಪ್ ತುಂಬುವ ದಿನ ಬೇರೆ. ಬೆರಳುದ್ದದ ಗಾಜಿನ ಪಟ್ಟಿ, ಅದರಲ್ಲಿ ಸಾಲಾಗಿ ಎಂಟು ಕಿಂಡಿ. ಕಿಂಡಿಗೊಬ್ಬ ರೋಗಿ - ರೋಗಿ ಎಂದರೆ ಅವರ ಮಿದುಳಿನ ಗಡ್ಡೆಯ ಡಿಎನ್‌ಎ, ಕಣ್ಣೀರಿನ ಒಂದು ಹನಿಗಿಂತ ಕಡಿಮೆ. ಆ ಡಿಎನ್‌ಎ ಮೇಲೆ ಅಂಟಿದ ಲಕ್ಷಾಂತರ ಗುರುತುಗಳನ್ನು ಚಿಪ್ ಓದುತ್ತದೆ. ಗಡ್ಡೆ ಯಾವ ಜಾತಿಯದು ಎಂದು ಆ ಗುರುತುಗಳು ಹೇಳುತ್ತವೆ. ಸೂಕ್ಷ್ಮದರ್ಶಕದ ಕೆಳಗೆ ವೇಷ ಹಾಕುವ ಗಡ್ಡೆ ಇಲ್ಲಿ ಸಿಕ್ಕಿಬೀಳುತ್ತದೆ.

ಕಣ್ಣು ಬಿಡಲಾಗದೆ, ಹನಿಯ ನಳಿಕೆಗಳನ್ನು ಎತ್ತಿಕೊಂಡು ಮೇಜಿನ ಆಚೆ ಬದಿಗೆ ಹೋಗಿ ಸೂರ್ಯನಿಗೆ ಬೆನ್ನು ಹಾಕಿ ಕೂತೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ದೇಶಾಂತರ. ಆ ಕಡೆಯಿಂದ ನೋಡಿದರೆ ನಮ್ಮ ಸಿಂಕ್ ತುಂಬಾ ಕೊಳಕಾಗಿದೆ.

ಅಕ್ಟೋಬರ್ 12, ಗುರುವಾರ

ಪ್ರೊಫೆಸರ್ ಹೌಥ್ ಸೇಬಿನ ಕೇಕ್ ತಂದರು. ಪ್ರೀತಿಯಿಂದಲ್ಲ, ಶಿಕ್ಷೆಯಿಂದ. ಹೋದ ವಾರ ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರ್ ಬಾಗಿಲು ಸರಿಯಾಗಿ ಹಾಕದೆ ಊಟಕ್ಕೆ ಹೋಗಿದ್ದರು.

ನಮ್ಮಲ್ಲಿ ಕಾನೂನು ಸ್ಪಷ್ಟ: ತಪ್ಪು ಮಾಡಿದವರು ಕೇಕ್ ತರಬೇಕು. ಪಟ್ಟಿ ಕಾಫಿ ಕೋಣೆಯ ಗೋಡೆಯ ಮೇಲಿದೆ. ಹೆಸರಿಗೊಂದು ಕಾಲಂ, ತಪ್ಪಿಗೊಂದು ಕೆಂಪು ಕಾಟು. ಉಪನಿಯಮ ಒಂದು: ಕೇಕನ್ನು ಸ್ವಂತ ಕೈಯಿಂದ ಮಾಡಿರಬೇಕು, ಅಂಗಡಿಯದು ನಡೆಯದು. ಉಪನಿಯಮ ಎರಡು: ಈರುಳ್ಳಿ ಕೇಕ್ ಕೇಕಲ್ಲ (2011, ಎರಡು ದಿನದ ಚರ್ಚೆಯ ನಂತರ).

ಪ್ರೊಫೆಸರರ ಕಾಲಂ ದಡಾರ ಎದ್ದ ಮೈಯಂತಿದೆ. ಕಂಪ್ಯೂಟರಿನಲ್ಲಿ ಚಿಪ್ಪಿನ ಲೆಕ್ಕ ಬಿಡಿಸುವ ನಮ್ಮ ಡೆರ್ಯಾಳದ್ದು ಹನ್ನೊಂದು. ನನ್ನದು ಖಾಲಿ. ಪೂರ್ತಿ ಖಾಲಿ. ಹೊಸಬರು ಸೇರಿದರೆ ಪ್ರೊಫೆಸರ್ ಅವರನ್ನು ಮೊದಲು ಗೋಡೆಯ ಮುಂದೆ ನಿಲ್ಲಿಸುತ್ತಾರೆ. "ನೋಡಿ, ಇದು ಫ್ರೌ ಟ್ರೆಂಕ್ಲೆಯವರ ಕಾಲಂ." ನಾನು ಅತ್ತ ತಿರುಗಿ ಏನೋ ತೊಳೆಯುವಂತೆ ನಟಿಸುತ್ತೇನೆ.

ಇಲ್ಲಿ ಒಂದು ಮಾತು, ಇಲ್ಲಿ ಮಾತ್ರ. ಈ ಪರಿಪೂರ್ಣತೆಯ ಹಿಂದೆ ವಿಜ್ಞಾನ ಇಲ್ಲ, ಭಯ ಇದೆ. ನನಗೆ ಕೇಕ್ ಮಾಡಲು ಬರುವುದಿಲ್ಲ. ಅರವತ್ತೊಂದು ವರ್ಷದ ಹೆಂಗಸು, ಒಂದು ಮೈಕ್ರೋಲೀಟರನ್ನು ಕಣ್ಣಂದಾಜಿನಲ್ಲಿ ಹೇಳಬಲ್ಲವಳು, ಹಿಟ್ಟಿನ ಮುಂದೆ ಅನಾಥೆ. ಹುಟ್ಟುಹಬ್ಬಕ್ಕೆ ಹುಟ್ಟಿದವರೇ ಕೇಕ್ ತರಬೇಕಲ್ಲ - ಪ್ರತಿ ಮಾರ್ಚ್‌ನಲ್ಲಿ ಸೇತುವೆ ಪಕ್ಕದ ಬೇಕರಿಯಿಂದ ಚೀಸ್ ಕೇಕ್ ಕೊಂಡು, ಅಮ್ಮನ ತಟ್ಟೆಗೆ ಹಾಕಿ, ಒಂದು ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಸ್ವಲ್ಪ ವಿಕಾರ ಮಾಡುತ್ತೇನೆ. ಕೈಯಿಂದ ಮಾಡಿದ್ದೆಂದು ನಂಬಿಕೆ ಬರಲು. "ರೋಸಿ ಅಬ್ಲಾ, ಈ ಅಂಚಲ್ಲೇ ನಿನ್ನ ಕೈರುಚಿ ಇರೋದು" ಎಂದು ಡೆರ್ಯಾ ಆ ಅಂಚನ್ನೇ ಕೇಳಿ ತೆಗೆದುಕೊಳ್ಳುತ್ತಾಳೆ. ಅಬ್ಲಾ ಎಂದರೆ ಅವಳ ಮನೆಮಾತಿನಲ್ಲಿ ಅಕ್ಕ. ಅಕ್ಕ ಮಹಾ ಕಳ್ಳಿ.

ಅಕ್ಟೋಬರ್ 16, ಸೋಮವಾರ

ಚಿಪ್ಪಿನ ಫಲಿತಾಂಶ ಬಂತು. ಕೋಲಾಹಲ.

ನಮಗೆ ರೋಗಿಗಳ ಹೆಸರು ತಿಳಿಯದು. ಅರ್ಜಿಯಲ್ಲಿ ವಯಸ್ಸು ಮತ್ತು ವೈದ್ಯರು ಗೀಚಿದ ಒಂದು ಸಾಲು ಇರುತ್ತದೆ. ಅದರಿಂದಲೇ ನಾವು ನಾಮಕರಣ ಮಾಡುತ್ತೇವೆ. ಈ ಸಲದ ಎಂಟರಲ್ಲಿ ಆರು ಗಂಡಸರು, ಇಬ್ಬರು ಹೆಂಗಸರು. ಮೂರನೆಯ ಕಿಂಡಿ: ಮೂವತ್ತೊಂದು, "ಈಜು ಕಲಿಸುತ್ತಿದ್ದಾಗ ಮೊದಲ ಫಿಟ್ಸ್" - ಈಜುಗಾರ್ತಿ. ಆರನೆಯದು: ಎಪ್ಪತ್ತನಾಲ್ಕು, "ಆರು ವಾರದಿಂದ ಮಾತು ತಡವರಿಸುತ್ತದೆ" - ಅಜ್ಜಿ.

ಅಜ್ಜಿಯದು ಅತ್ಯಂತ ಕೆಟ್ಟ ಜಾತಿ ಎಂದು ಪ್ರೊಫೆಸರ್ ಸೂಕ್ಷ್ಮದರ್ಶಕದಲ್ಲಿ ಒಂದೇ ನೋಟಕ್ಕೆ ಹೇಳಿದ್ದರು. ಚಿಪ್ ಹೇಳುತ್ತದೆ: ಅಲ್ಲ, ನಿಧಾನದ ಗಡ್ಡೆ, ಹುಡುಗರಲ್ಲಿ ಕಾಣುವಂಥದ್ದು.

"ಎಪ್ಪತ್ನಾಲ್ಕಕ್ಕೆ ಇದು!" ಪ್ರೊಫೆಸರ್ ಕುರ್ಚಿಯಿಂದ ಎದ್ದರು. "ಇಡೀ ಜಗತ್ತಲ್ಲಿ ಇಂಥವು ನಾಲ್ಕೋ ಐದೋ ಇರಬಹುದು! ಲೇಖನ ಬರೀಬೇಕು. ಇವತ್ತೇ ಶುರು."

"ಹೆರ್ ಪ್ರೊಫೆಸರ್, ಮೊದಲು ನಿಮ್ಮ ಸೂಕ್ಷ್ಮದರ್ಶಕಕ್ಕೆ ಕನ್ನಡಕ ಹಾಕಿಸಿ" ಎಂದಳು ಡೆರ್ಯಾ.

ಆಮೇಲೆ ಎರಡನೆಯ ಹಾಳೆ. ಈಜುಗಾರ್ತಿಯದು. ಅವಳ ಗಡ್ಡೆ ಹೀಗೂ ಇರಬಹುದು ಹಾಗೂ ಇರಬಹುದು ಎಂದು ಪ್ರೊಫೆಸರ್ ಎರಡು ವಾರದಿಂದ ಒದ್ದಾಡುತ್ತಿದ್ದರು. ಚಿಪ್ ತೀರ್ಮಾನಿಸಲಿ ಎಂದು ಬಿಟ್ಟಿದ್ದರು. ತೀರ್ಮಾನಿಸಿದೆ. ಅತ್ಯಂತ ಕೆಟ್ಟ ಜಾತಿ.

ಪ್ರೊಫೆಸರ್ "ಮೂವತ್ತೊಂದು" ಎಂದರು. ಅಷ್ಟೇ.

ಗುರುವಾರ ವೈದ್ಯರ ಮಂಡಳಿ ಕೂರುತ್ತದೆ. ಶುಕ್ರವಾರ, ವಿಕಿರಣದ ಹೊತ್ತಿಗೆ ತಲೆ ಅಲುಗದಂತೆ ಹಿಡಿಯುವ ಮುಖವಾಡಕ್ಕೆ, ಅವಳ ಮುಖದ ಅಚ್ಚು ತೆಗೆಯುತ್ತಾರೆ. ಸೋಮವಾರದಿಂದ ಆರು ವಾರ.

ಉಳಿದ ಆರೂ ಗಂಡಸರದು ಅದೇ ಕೆಟ್ಟ ಜಾತಿ. ವಯಸ್ಕರಲ್ಲಿ ಅದೇ ಹೆಚ್ಚು.

ಅಕ್ಟೋಬರ್ 17, ಮಂಗಳವಾರ. ಸಂಜೆ 6

ಹೆರ್ ಕ್ನಾಪ್ ದಯಮಾಡಿಸಿದರು. ಏಣಿ, ಹೊಸ ಪರದೆ, ಹಳೆಯ ಗೊಣಗಾಟ.

"ಇಷ್ಟು ದಿನ ಸೂರ್ಯನ ಎದುರಿಗೇ ಕೂತಿದ್ರಾ?"

"ಒಂದೇ ದಿನ ಬಿಸಿಲಿದ್ದದ್ದು. ಬುಧವಾರ. ಅವತ್ತು ಮೇಜಿನ ಆ ಕಡೆ ಕೂತೆ."

"ಆ ಕಡೆನಾ?" ಏಣಿಯ ಮೇಲಿಂದಲೇ ಬಗ್ಗಿ ನೋಡಿದರು. "ಅಲ್ಲಿಂದ ನಿಮ್ಮ ಸಾಮಾನೆಲ್ಲ ಉಲ್ಟಾ ಕಾಣಲ್ವಾ?"

ನಕ್ಕೆ. ಆಮೇಲೆ ನಗು ನಿಂತಿತು.

ಅವರು ಹೋದ ಮೇಲೆ ಆ ಕಡೆ ಹೋಗಿ ಕೂತೆ. ಚಿಪ್ಪಿನ ಟ್ರೇ ಮೇಜಿಗೆ ಅಂಟಿದ ಚೌಕಟ್ಟಿನಲ್ಲಿ ಕೂರುತ್ತದೆ, ಅಲುಗುವುದಿಲ್ಲ. ನನ್ನ ಜಾಗದಿಂದ ನೋಡಿದರೆ ಬಾರ್‌ಕೋಡ್ ಇರುವ ತುದಿ ಎಡಕ್ಕೆ. ಎಡದಿಂದ ಒಂದು, ಎರಡು, ಮೂರು. ಈ ಕಡೆಯಿಂದ ಬಾರ್‌ಕೋಡ್ ಬಲಕ್ಕೆ. ಎಡಗಡೆ ಮೊದಲು ಸಿಗುವುದು ಎಂಟನೆಯ ಕಿಂಡಿ.

ನನ್ನ ಕೈ ಎಡದಿಂದಲೇ ಶುರು ಮಾಡುತ್ತದೆ. ಹತ್ತೊಂಬತ್ತು ವರ್ಷದಿಂದ. ಕೈಗೆ ಕಣ್ಣಿಲ್ಲ.

ಅವತ್ತು ಬಲದಿಂದ ಶುರು ಮಾಡಿದೆನೇ? ನೆನಪಿಲ್ಲ. ಸಿಂಕ್ ಕೊಳಕಾಗಿದ್ದದ್ದು ಮಾತ್ರ ಚೆನ್ನಾಗಿ ನೆನಪಿದೆ.

ತಪ್ಪಿದ್ದರೆ ಲೆಕ್ಕದಲ್ಲಿ ಸಿಕ್ಕಿಬೀಳಬೇಕಿತ್ತು: ಗಂಡಸಿನ ಕಿಂಡಿಯಲ್ಲಿ ಹೆಂಗಸು ಬಂದರೆ ಡೆರ್ಯಾಳ ಕಂಪ್ಯೂಟರ್ ಬೊಬ್ಬೆ ಹೊಡೆಯುತ್ತದೆ. ಹೊಡೆದಿಲ್ಲ. ನೆಮ್ಮದಿಯಾಯಿತು. ಕಾಫಿ ಹಾಕಿಕೊಂಡೆ. ಆಮೇಲೆ ಒಂದು ಚೀಟಿಯಲ್ಲಿ ಬರೆದೆ: ಗಂ ಗಂ ಹೆಂ ಗಂ ಗಂ ಹೆಂ ಗಂ ಗಂ. ಕೊನೆಯಿಂದ ಓದಿದೆ. ಅದೇ.

ಕಾಫಿ ಚೆಲ್ಲಿದೆ.

ಮೂರನೆಯದೂ ಆರನೆಯದೂ ಅದಲುಬದಲಾಗಿದ್ದರೆ ಕಂಪ್ಯೂಟರಿಗೂ ತಿಳಿಯದು; ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುವುದಿಲ್ಲ. ಪ್ರೊಫೆಸರರಿಗೆ ಲೇಖನ, ನನಗೆ ಖಾಲಿ ಕಾಲಂ. ಈಜುಗಾರ್ತಿಗೆ, ಬಹುಶಃ ಬೇಡದ, ಆರು ವಾರದ ವಿಕಿರಣ. ಅಜ್ಜಿಗೆ, ಬೇಕೇ ಬೇಕಾದ ಔಷಧಿ ಇಲ್ಲ. ಇದನ್ನೊಂದು ತಕ್ಕಡಿಯಂತೆ ಬರೆದೆನಲ್ಲ, ಅದಕ್ಕೇ ನಾಚಿಕೆಯಾಗುತ್ತಿದೆ. ತಕ್ಕಡಿ ಎಲ್ಲಿದೆ ಇದರಲ್ಲಿ.

ಅಕ್ಟೋಬರ್ 18, ಬುಧವಾರ

ಏಳೂವರೆಗೆ ಪ್ರೊಫೆಸರರ ಬಾಗಿಲು. ಅವರು ಲೇಖನದ ಶೀರ್ಷಿಕೆ ಬರೆದು ಅಡಿಗೆರೆ ಎಳೆಯುತ್ತಿದ್ದರು. ಎರಡು ಗೆರೆ.

"ಹೆರ್ ಪ್ರೊಫೆಸರ್, ಬುಧವಾರದ ಚಿಪ್ಪನ್ನ ನಾನು ತಲೆಕೆಳಗಾಗಿ ತುಂಬಿರಬಹುದು."

"ಇರಬಹುದು ಅಂದ್ರೆ?"

"ಗೊತ್ತಿಲ್ಲ ಅಂತ."

"ನಿಮಗೆ ಗೊತ್ತಿಲ್ಲದ್ದು ಇದೆ ಅಂತ ನನಗೆ ಗೊತ್ತಿರ್ಲಿಲ್ಲ, ಫ್ರೌ ಟ್ರೆಂಕ್ಲೆ."

ಚೀಟಿ ತೋರಿಸಿದೆ. ಎಡದಿಂದ ಓದಿದರು, ಬಲದಿಂದ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಡೆರ್ಯಾ ಬಂದಳು. "ಸಾಧ್ಯವೇ ಇಲ್ಲ, ರೋಸಿ ಅಬ್ಲಾ ಅಂಥಾದ್ದು ಮಾಡೋಳಲ್ಲ" ಎನ್ನುತ್ತಲೇ ಚೀಟಿ ಕೈಗೆತ್ತಿಕೊಂಡಳು. ಅವಳೂ ಬಲದಿಂದ ಓದಿದಳು.

ಪ್ರೊಫೆಸರ್ ನಿಧಾನವಾಗಿ ಶೀರ್ಷಿಕೆ ಹೊಡೆದುಹಾಕಿದರು. ಅದಕ್ಕೂ ಎರಡು ಗೆರೆ. "ಅಜ್ಜಿ ನನ್ನನ್ನ ಸಮ್ಮೇಳನಕ್ಕೆ ಬರ್ಲಿನ್ ತನಕ ಕರ್ಕೊಂಡು ಹೋಗೋರಿದ್ರು. ಇರ್ಲಿ. ಡಿಎನ್‌ಎ ಉಳಿದಿದೆಯಾ?"

ಏಳು ಜನರದು ಧಾರಾಳವಾಗಿದೆ. ಈಜುಗಾರ್ತಿಯ ಗಡ್ಡೆ ಇಕ್ಕಟ್ಟಿನ ಜಾಗದಲ್ಲಿತ್ತು. ಶಸ್ತ್ರಚಿಕಿತ್ಸಕರು ಚಿಟಿಕೆಯಷ್ಟೇ ಕಳಿಸಿದ್ದರು. ಉಳಿದಿರುವುದು ಒಂದೇ ಸಲಕ್ಕೆ.

"ಒಂದು ಸಲ ಸಾಕು" ಎಂದರು. "ನೀವೇ ಮಾಡ್ತೀರಿ."

"ನಾನಾ?"

"ಮತ್ತ್ಯಾರು? ನಾನು ಮಾಡಿದ್ರೆ ಫ್ರೀಜರ್ ಬಾಗಿಲು ತೆಗೆದಿಟ್ಟು ಊಟಕ್ಕೆ ಹೋಗ್ತೀನಿ."

ಎಂಟನ್ನೂ ಮತ್ತೆ ಶುರು ಮಾಡಿದೆ. ಚಿಪ್ ತುಂಬುವುದಕ್ಕೆ ಮುಂಚೆ ಎರಡು ರಾತ್ರಿ ಡಿಎನ್‌ಎಗೆ ಅದರದೇ ಕೆಲಸ ಇರುತ್ತದೆ. ಅವಸರ ಮಾಡಿದರೆ ಕೇಳುವುದಿಲ್ಲ.

ಅಕ್ಟೋಬರ್ 19, ಗುರುವಾರ

ಮಂಡಳಿಯಿಂದ ಪ್ರೊಫೆಸರ್ ಬಂದರು. ಎಂಟೂ ವರದಿ ವಾಪಸ್ ತೆಗೆದುಕೊಂಡರಂತೆ. ಕಾರಣ ಕೇಳಿದ್ದಕ್ಕೆ "ನಮಗೆ ಅನುಮಾನ ಇದೆ" ಎಂದರಂತೆ. ನನ್ನ ಹೆಸರು ಹೇಳಲಿಲ್ಲವಂತೆ. ವಿಕಿರಣ ವಿಭಾಗದ ಮುಖ್ಯಸ್ಥೆ "ಅನುಮಾನಾನ? ನಿಮ್ಮ ಲ್ಯಾಬಿಗಾ?" ಎಂದು ಕಾಫಿ ಕೆಳಗಿಟ್ಟರಂತೆ. ಮುಖದ ಅಚ್ಚು ಒಂದು ವಾರ ಮುಂದಕ್ಕೆ.

ಈಜುಗಾರ್ತಿಗೆ ಫೋನ್ ಹೋಗಿರುತ್ತದೆ: "ಸ್ವಲ್ಪ ತಡವಾಗ್ತದೆ." ಆ ಒಂದು ವಾಕ್ಯ ಹಿಡಿದುಕೊಂಡು ಅವಳು ವಾರ ಕಳೆಯಬೇಕು. ನನ್ನಿಂದ.

ಅಕ್ಟೋಬರ್ 20, ಶುಕ್ರವಾರ. ಮಧ್ಯಾಹ್ನ

ಚಿಪ್ ತುಂಬಿದೆ. ನನ್ನ ಜಾಗದಲ್ಲೇ. ಪರದೆ ಇಳಿಸಿ. ಬಾರ್‌ಕೋಡಿನ ತುದಿ ಕೂರುವ ಚೌಕಟ್ಟಿನ ಅಂಚಿಗೆ ಕೆಂಪು ಟೇಪ್ ಅಂಟಿಸಿ.

ಎಡಗಡೆ ಪ್ರೊಫೆಸರ್, ಬಲಗಡೆ ಡೆರ್ಯಾ, ಮದುವೆಯ ಸಾಕ್ಷಿಗಳಂತೆ.

"ಬಾರ್‌ಕೋಡ್ ಎಡಕ್ಕೆ" ಎಂದೆ.

"ಎಡಕ್ಕೆ" ಎಂದರು ಪ್ರೊಫೆಸರ್.

"ಯಾರ ಎಡಕ್ಕೆ?" ಎಂದಳು ಡೆರ್ಯಾ.

"ಬಾಯ್ಮುಚ್ಚೆ."

ಮೂರನೆಯ ಕಿಂಡಿಗೆ ಬಂದಾಗ ಇಬ್ಬರೂ ಬಗ್ಗಿ ನೋಡಿದರು. ಆ ಹನಿಯ ಹಿಂದೆ ಇನ್ನೊಂದು ಹನಿ ಇಲ್ಲ. ಕೈ ತಪ್ಪೀತೆಂದು ಹೆದರಿದ್ದೆ. ತಪ್ಪಲಿಲ್ಲ. ಕೈಗೆ ಕಣ್ಣಿಲ್ಲದಿದ್ದರೂ ಮಾನ ಇದೆ.

ನಾಳೆ ಶನಿವಾರ ಬಂದು ಸ್ಕ್ಯಾನ್ ಮಾಡಬೇಕು. ಶನಿವಾರ! ಕಾರ್ಮಿಕ ಸಂಘಕ್ಕೆ ತಿಳಿಯದಿರಲಿ.

ಅಕ್ಟೋಬರ್ 23, ಸೋಮವಾರ. ಬೆಳಿಗ್ಗೆ 10.05

ತಲೆಕೆಳಗಾಗಿತ್ತು.

ಈಜುಗಾರ್ತಿಯದು ನಿಧಾನದ ಗಡ್ಡೆ. ಸಂಶಯಕ್ಕೆ ಎಡೆಯಿಲ್ಲದ ಅಂಕ. ವಿಕಿರಣ ಬೇಡ. ಕೆಲವು ತಿಂಗಳಿಗೊಮ್ಮೆ ಎಂಆರ್‌ಐ, ಫಿಟ್ಸ್ ಮಾತ್ರೆ, ಕಾದು ನೋಡುವುದು. ವರ್ಷಗಟ್ಟಲೆ ಕಾಯಬಹುದು. ಕಾಯುವುದಕ್ಕೆ ವರ್ಷಗಳು ಇವೆ ಎನ್ನುವುದೇ ಸುದ್ದಿ.

ಅಜ್ಜಿಯದು ಸೂಕ್ಷ್ಮದರ್ಶಕ ಹೇಳಿದ್ದೇ, ಕೆಟ್ಟ ಜಾತಿ. ಆದರೆ ಅವರ ಹಾಳೆಯ ಕೆಳಗೆ ಒಂದು ಸಣ್ಣ ಸಾಲು: ಮಾತ್ರೆ ಹಿಡಿಸುವ ಗುರುತು ಇದೆ. ಮನೆಯಲ್ಲೇ ಕೂತು ನುಂಗಬಹುದು. ದಿನಾ ವಿಕಿರಣಕ್ಕೆ ಅಲೆಯಬೇಕಿಲ್ಲದಿರಬಹುದು. ಹೋದ ವಾರದ ಹಾಳೆ ನಂಬಿದ್ದರೆ ಅವರಿಗೆ ಏನನ್ನೂ ಕೊಡದೆ "ಆರಾಮಾಗಿರಿ ಅಜ್ಜಿ" ಎಂದು ಕಳಿಸುತ್ತಿದ್ದರು. ಗಂಡಸರಲ್ಲೂ ಇಬ್ಬರ ಮಾತ್ರೆಯ ಸಾಲು ಬದಲಾಗಿದೆ.

ಪ್ರೊಫೆಸರ್ ಅಲ್ಲೇ ನಿಂತು ವಿಕಿರಣ ವಿಭಾಗಕ್ಕೆ ಫೋನ್ ಮಾಡಿದರು. "ಮುಖದ ಅಚ್ಚು ಬೇಡ. ಹೌದು, ಬೇಡ. ಮುಂದಕ್ಕಲ್ಲ, ಬೇಡವೇ ಬೇಡ." ಮೂರು ಸಲ ಹೇಳಿದರು. ಆಮೇಲೆ ಫೋನಿಟ್ಟು ನನ್ನ ಕಡೆ ತಿರುಗಿದರು. "ನನ್ನ ಸೂಕ್ಷ್ಮದರ್ಶಕಕ್ಕೆ ಕನ್ನಡಕ ಬೇಡ ಅಂತ ಆ ಡೆರ್ಯಾಗೆ ಹೇಳಿ."

ಶೌಚಾಲಯಕ್ಕೆ ಹೋಗಿ ಎರಡು ನಿಮಿಷ ಅತ್ತೆ. ಸಮಯ ನೋಡಿಕೊಂಡೆ, ಎರಡೇ ನಿಮಿಷ.

ಅಕ್ಟೋಬರ್ 24, ಮಂಗಳವಾರ

ಕಾಫಿ ಕೋಣೆಯಲ್ಲಿ ಸಮಾರಂಭ. ಡೆರ್ಯಾ ಕೆಂಪು ಪೆನ್ನನ್ನು ತಟ್ಟೆಯಲ್ಲಿಟ್ಟು ತಂದಳು. ಹೆರ್ ಕ್ನಾಪ್ ಕೂಡ ಬಂದಿದ್ದರು, ಏಣಿ ಸಮೇತ, ಯಾಕೆಂದು ಅವರಿಗೇ ತಿಳಿಯದು. ಪ್ರೊಫೆಸರ್ ಗಂಟಲು ಸರಿಮಾಡಿಕೊಂಡು, "ಈ ಕಾಲಂ ಇನ್ನು ಕನ್ಯೆಯಲ್ಲ" ಎಂದು ಘೋಷಿಸಿ ಕಾಟು ಹಾಕಿದರು. ಚಪ್ಪಾಳೆ. ಜೀವನದಲ್ಲಿ ನನಗೆ ಬಿದ್ದ ಅತಿ ಜೋರಿನ ಚಪ್ಪಾಳೆ ಇದೇ ಇರಬೇಕು.

ವಿಚಿತ್ರ - ನೋವಾಗಲಿಲ್ಲ. ಬಿಗಿ ಬೂಟು ಕಳಚಿದ ಹಾಗಿತ್ತು.

"ಸೋಮವಾರ ಕೇಕ್" ಎಂದಳು ಡೆರ್ಯಾ. "ನಿನ್ನ ಹುಟ್ಟುಹಬ್ಬದ ಚೀಸ್ ಕೇಕೇ ಆಗ್ಬೇಕು. ಆ ಒತ್ತಿದ ಅಂಚು ನಂದು."

ಈಗ ನೋವಾಯಿತು.

ಅಕ್ಟೋಬರ್ 26, ಗುರುವಾರ

ಬೇಕರಿಗೆ ಹೋದೆ. ಕೊಳ್ಳಲು ಅಲ್ಲ - ಹಳೆಯ ಸುಳ್ಳಿನ ಮೇಲೆ ಇನ್ನೊಂದು ಸುಳ್ಳು ನನ್ನ ವಯಸ್ಸಿಗೆ ಭಾರ. ಮಾಡುವ ಕ್ರಮ ಕೇಳಲು ಹೋದೆ.

ಬೇಕರಿಯಾಕೆ ಆಚೀಚೆ ನೋಡಿ, ಬಗ್ಗಿ, ಪಿಸುಗುಟ್ಟಿದಳು. "ಅಯ್ಯೋ, ಚೀಸ್ ಕೇಕ್ ನಾವು ಮಾಡೋದಲ್ಲ ಕಣ್ರೀ. ಕಾರ್ಖಾನೆಯಿಂದ ಹೆಪ್ಪುಗಟ್ಟಿ ಬರುತ್ತೆ. ಯಾರಿಗೂ ಹೇಳ್ಬೇಡಿ."

ಹತ್ತೊಂಬತ್ತು ವರ್ಷದ ನನ್ನ ಕೈರುಚಿ ಒಂದು ಲಾರಿಯ ಕೈರುಚಿ.

ಅಕ್ಟೋಬರ್ 28, ಶನಿವಾರ

ಕೆಳಮನೆಯ ಫ್ರೌ ಎಗ್ಗರ್ಟ್ ತಮ್ಮ ಕೇಕ್ ಅಚ್ಚು ಕೊಟ್ಟರು. ಅತ್ತೆಯ ಕಾಲದ್ದಂತೆ. ಬಳೆ ಬೇರೆ, ತಳ ಬೇರೆ, ಬದಿಯಲ್ಲೊಂದು ಕೊಂಡಿ. "ಅಳತೆ ನೋಡ್ಕೊಂಡು ಮಾಡಮ್ಮ, ಅಷ್ಟೇ" ಎಂದರು.

ಅಳತೆ! ಅದು ಬರುತ್ತದೆ. ಮೊಟ್ಟೆ ಬಿಳಿಯನ್ನು ಸೀಸೆಯಲ್ಲಿ ಅಳೆದೆ. ಸಕ್ಕರೆಯನ್ನು ಕಾಗದದ ಮೇಲೆ ತೂಗಿದೆ. ಪ್ರತಿ ಹೆಜ್ಜೆಗೂ ಟಿಕ್ ಹಾಕಿದೆ.

ಮೊದಲ ಕೇಕ್: ನಡುವೆ ಕುಸಿಯಿತು. ಎರಡನೆಯದು: ಮೇಲೆ ಕಪ್ಪು, ಒಳಗೆ ಸಾರು. ಈ ಎರಡು ಕೇಕಿನಲ್ಲಿ ಯಾವುದು ಕೆಟ್ಟ ಜಾತಿ ಎಂದು ಯಾವ ಚಿಪ್ಪೂ ಹೇಳಲಾರದು.

ಎರಡನ್ನೂ ಸ್ವಲ್ಪ ಸ್ವಲ್ಪ ತಿಂದೆ. ಕುಸಿದದ್ದು ಪರವಾಗಿಲ್ಲ.

ಅಕ್ಟೋಬರ್ 29, ಭಾನುವಾರ. ಮಧ್ಯಾಹ್ನ 3.20

ಇಂದು ಗಡಿಯಾರ ಒಂದು ಗಂಟೆ ಹಿಂದೆ. ಸರ್ಕಾರ ಕೊಟ್ಟ ಆ ಒಂದು ಗಂಟೆಯನ್ನು ಮೂರನೆಯ ಕೇಕಿಗೆ ಖರ್ಚು ಮಾಡಿದ್ದೇನೆ. ಓವನ್ನಿನೊಳಗಿದೆ. ಇನ್ನು ಹತ್ತು ನಿಮಿಷ. ಗಾಜಿನ ಬಾಗಿಲ ಮುಂದೆ ಮೊಣಕಾಲೂರಿ ನೋಡಿದೆ: ಉಬ್ಬಿದೆ. ಹೌದು, ಉಬ್ಬಿದೆ. ಬಣ್ಣ ಹಳದಿ.

ನಿರ್ಧಾರ ಆಗಿದೆ. ನಾಳೆ ಇದನ್ನೇ ಒಯ್ಯುತ್ತೇನೆ, ಹೇಗಿದ್ದರೂ. ಅಂಚು ಒತ್ತುವುದಿಲ್ಲ. ತಿಂದಾದ ಮೇಲೆ ಹತ್ತೊಂಬತ್ತು ಮಾರ್ಚ್‌ಗಳ ವಿಷಯ ಹೇಳುತ್ತೇನೆ. ಡೆರ್ಯಾ ಕಂಪ್ಯೂಟರಿಗಿಂತ ಬೇಗ ಲೆಕ್ಕ ಹಾಕುತ್ತಾಳೆ: ಹತ್ತೊಂಬತ್ತು ಕಾಟು. ನಿವೃತ್ತಿಯವರೆಗೆ ವಾರ ಬಿಟ್ಟು ವಾರ ಕೇಕ್. ಹೇಳುವುದಕ್ಕೆ ಭಯ ಇಲ್ಲ. ಒಂದು ಸಲ ಬಾಗಿಲು ತಟ್ಟಿ ಅಭ್ಯಾಸವಾಗಿದೆ.

ಈಜುಗಾರ್ತಿ ಇವತ್ತು ಏನು ಮಾಡುತ್ತಿರಬಹುದು. ಭಾನುವಾರ. ಫಿಟ್ಸ್ ಹತೋಟಿಗೆ ಬರುವ ತನಕ ನೀರಿಗಿಳಿಯುವ ಹಾಗಿಲ್ಲ. ದಡದಲ್ಲಿ ಕೂತು ಬೇರೆಯವರಿಗೆ ಕೂಗಿ ಹೇಳುತ್ತಿರಬಹುದು, ಕಾಲು ಬಡಿ, ಕಾಲು ಬಡಿ ಎಂದು. ನನ್ನ ಹೆಸರು ಅವಳಿಗೆ ಗೊತ್ತಿಲ್ಲ, ಅವಳದ್ದು ನನಗೆ ಗೊತ್ತಿಲ್ಲ. ಸರಿಯಾಗಿಯೇ ಇದೆ.

ಈ ದಿನಚರಿ ಓದುವ ಹಕ್ಕು ಯಾರಿಗೂ ಇಲ್ಲ. ಆದರೂ ಯಾರಾದರೂ ಓದುತ್ತಿದ್ದರೆ, ಓದಿದ ತಪ್ಪಿಗೆ ಕೇಕ್ ಬೇಡ, ಒಂದು ಚಿಕ್ಕ ಉಪಕಾರ ಸಾಕು: ಕೇಕ್ ಖಾಲಿಯಾದ ಮೇಲೆ ಅಚ್ಚನ್ನು ತೊಳೆದು ಕೆಳಮನೆಯ ಫ್ರೌ ಎಗ್ಗರ್ಟ್‌ಗೆ ಕೊಟ್ಟುಬಿಡಿ. ನಾನು ಮರೆತರೂ ಮರೆತೇನು. ತಳ ಸಡಿಲ ಇದೆ, ತಲೆಕೆಳಗು ಹಿಡಿದರೆ ಬಿದ್ದುಹೋಗುತ್ತದೆ. ಯಾವ ಕಡೆ ಮೇಲೆಂದು ತಿಳಿಯಲು, ಆರಿದ ಮೇಲೆ ಅಂಚಿಗೆ ಕೆಂಪು ಟೇಪ್ ಅಂಟಿಸಿರುತ್ತೇನೆ. ಟೇಪ್ ಎಡಕ್ಕೆ ಬರುವ ಹಾಗೆ ಹಿಡಿದು, ಅಂದರೆ ನಿಮ್ಮ ಎಡಕ್ಕೆ, ಅವರು ಎದುರಿಗೆ ನಿಂತಿದ್ದರೆ ಅವರ ಬಲ -

ಗಂಟೆ ಹೊಡೆಯಿತು. ಓವನ್